ಅಲ್ಲಿನ ಏಳೂವರೆ

ವೈಫೈ ಇಲ್ಲದಿದ್ದರೆ ಯಾರೂ ಸಾಯಲ್ಲ, ಗೊತ್ತು. ಆದರೂ ಆ ಬುಧವಾರ ಮಧ್ಯಾಹ್ನ ನನ್ನ ಲ್ಯಾಪ್‌ಟಾಪು ‘ಈ ನೆಟ್‌ವರ್ಕ್‌ಗೆ ಸೇರಲು ಆಗುತ್ತಿಲ್ಲ’ ಅಂತ ತೋರಿಸಿದಾಗ, ಅದನ್ನೆತ್ತಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸಿದ್ದು ಸುಳ್ಳಲ್ಲ. ಮತ್ತೊಮ್ಮೆ ಒತ್ತಿದೆ. ಅದೇ ರಾಗ. ಇನ್ನೊಮ್ಮೆ ಒತ್ತಿದೆ. ಊಹೂಂ. ಆರಿಸಿ ಹಾಕಿದೆ, ಬೈದೆ, ಬೆನ್ನು ತಟ್ಟಿ ‘ಏಳಪ್ಪಾ ರಾಜಾ’ ಅಂತ ರಮಿಸಿಯೂ ನೋಡಿದೆ. ಕ್ಯಾರೇ ಅನ್ನಲಿಲ್ಲ.

ನಾನು ಈ ಶಾಲೆಯ ಪಿ.ಟಿ. ಟೀಚರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿರುತ್ತೆ, ಹಾಗಾಗಿ ಮಕ್ಕಳು ನನ್ನ ಬೆನ್ನ ಹಿಂದೆ ‘ಸೀಟಿ’ ಅಂತಲೇ ಕರೀತಾರೆ. ನನಗೇನೂ ಬೇಜಾರಿಲ್ಲ, ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ದರೂ ಆಶ್ಚರ್ಯ ಇರಲಿಲ್ಲ. ನನ್ನ ಕೋಣೆ ಅಂದರೆ ಮೈದಾನದ ಪಕ್ಕದ ಸಾಮಾನು ಕೋಣೆ. ಒಂದು ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು, ಇನ್ನೊಂದು ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು, ಎಲ್ಲದಕ್ಕೂ ಸೇರಿ ರಬ್ಬರ್ ಮತ್ತು ಬೆವರಿನ ವಾಸನೆ. ಮೇಜು ಕೊಡಿ ಅಂತ ಕೇಳಿ ಕೇಳಿ ಸಾಕಾಯಿತು. ಮಕ್ಕಳು ಹಾರಿ ದಾಟುವುದಕ್ಕೆ ಅಂತ ಇಟ್ಟಿರುವ, ಚರ್ಮ ಹೊದಿಸಿದ ಮರದ ಕುದುರೆ ಒಂದಿದೆ. ಅದರ ಬೆನ್ನ ಮೇಲೇ ನನ್ನ ಲ್ಯಾಪ್‌ಟಾಪು.

ದೂರದೇಶದ ಈ ಊರಿಗೆ ನಾನು ಬಂದದ್ದು ಕೆಲಸಕ್ಕೆ, ಒಬ್ಬಳೇ. ಗಂಡನೂ ನಾನೂ ಬೇರೆಯಾಗಿದ್ದೆವು. ಹನ್ನೊಂದು ವರ್ಷದ ಮಗಳು ಅಪ್ಪನ ಜೊತೆ ಇರ್ತೀನಿ ಅಂದಳು. ಅವಳ ಶಾಲೆ ಅಲ್ಲಿದೆ, ಗೆಳತಿಯರು ಅಲ್ಲಿದ್ದಾರೆ, ಬೆಕ್ಕು ಅಲ್ಲಿದೆ. ಬೆಕ್ಕಿಗಿಂತ ಕೆಳಗೆ ಬಂತಲ್ಲ ನನ್ನ ನಂಬರು ಅಂತ ಅಂದು ನಕ್ಕಿದ್ದೆ, ಸ್ನಾನದ ಮನೆಗೆ ಹೋಗಿ ಅತ್ತಿದ್ದೆ. ಅವಳನ್ನ ನಾನು ಕರೆಯುವುದು ಮೆಣಸು ಅಂತ. ಕೋಪದಲ್ಲಿ ನನ್ನ ಅಚ್ಚು.

ನಾವಿಬ್ಬರೂ ಬೇರೆಯಾಗುವಾಗ ಒಂದು ಮಾತಾಗಿತ್ತು: ಶಾಲೆ ಇರುವ ದಿನ ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಮಗಳು ನನ್ನವಳು. ಎಂಟಕ್ಕೆ ಅವಳಿಗೆ ಬಸ್ಸು. ಅವಳು ಅಡುಗೆಮನೆಯಲ್ಲಿ ಕಂಪ್ಯೂಟರ್ ಮುಂದೆ ತಿಂಡಿ ತಿನ್ನುತ್ತಾ ಕೂರುವುದು, ನಾನು ಇಲ್ಲಿಂದ ವಿಡಿಯೋ ಕರೆ ಮಾಡುವುದು. ಅಲ್ಲಿ ಬೆಳಿಗ್ಗೆ ಏಳೂವರೆ ಆದಾಗ ಇಲ್ಲಿ ಮಧ್ಯಾಹ್ನ ಒಂದೂವರೆ, ನನ್ನ ಊಟದ ಬಿಡುವು. ಹೇಳಿ ಮಾಡಿಸಿದ ಹಾಗಿತ್ತು. ಶಾಲೆಯೊಳಗೆ ಟೀಚರುಗಳ ಫೋನೂ ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿರುತ್ತೆ, ಹಾಗಾಗಿ ಏನಿದ್ದರೂ ಲ್ಯಾಪ್‌ಟಾಪು, ಶಾಲೆಯ ವೈಫೈ. ನಾನು ಮನೆ ಸೇರುವ ಹೊತ್ತಿಗೆ ಅವಳು ಶಾಲೆಯಲ್ಲಿ, ಅವಳು ಮನೆಗೆ ಬರುವ ಹೊತ್ತಿಗೆ ನನಗೆ ಅರ್ಧ ನಿದ್ದೆ.

ಹೊತ್ತಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಲೇಟು ಅಂದರೆ ನನಗೆ ಮೈ ಉರಿಯುತ್ತೆ. ನನ್ನ ಸಂಸಾರ ಅರ್ಧ ಹಾಳಾಗಿದ್ದೇ ಅವನ ಲೇಟಿನಿಂದ. ಮದುವೆಗೇ ಲೇಟಾಗಿ ಬಂದ ಮಹಾನುಭಾವ ಅವನು! ಹಾಗಾಗಿ ಇಲ್ಲಿಗೆ ಬಂದು ಲ್ಯಾಪ್‌ಟಾಪು ಕೊಂಡ ದಿನವೇ ಒಂದು ಕೆಲಸ ಮಾಡಿದ್ದೆ. ಅದರ ಗಡಿಯಾರವನ್ನ ಕೈಯಾರೆ ಹಿಂದೆ ತಿರುಗಿಸಿ ಮಗಳ ಊರಿನ ಹೊತ್ತು ಇಟ್ಟಿದ್ದೆ. ಇಲ್ಲಿನ ಹೊತ್ತು ನೋಡುವುದಕ್ಕೆ ಗೋಡೆಗಳ ತುಂಬ ಗಡಿಯಾರ ಇದ್ದವು. ಪರದೆಯ ಮೂಲೆಯಲ್ಲಿ ಮಾತ್ರ ಅವಳ ಹೊತ್ತು. ಈಗ ಎದ್ದಳು, ಈಗ ಲೆಕ್ಕದ ಪಿರಿಯಡ್ಡು, ಈಗ ಹೋಂವರ್ಕ್ ಮಾಡದೆ ಬೆಕ್ಕಿನ ಜೊತೆ ಉರುಳಾಡ್ತಿದ್ದಾಳೆ ಅಂತ ನೋಡಿಕೊಳ್ಳುತ್ತಿದ್ದೆ. ನನಗೆ ಈ ಊರಲ್ಲಿ ಇದ್ದ ಜೊತೆ ಅದೊಂದೇ. ದಿನವಿಡೀ ಮೈದಾನದಲ್ಲಿ ಕಿರುಚುತ್ತೇನೆ, ಗಂಟಲು ಹರಿಯುತ್ತೆ, ಆದರೆ ರಾತ್ರಿ ಮಲಗುವಾಗ ಯೋಚಿಸಿದರೆ ಒಬ್ಬರ ಹತ್ತಿರವೂ ಮಾತಾಡಿರುವುದಿಲ್ಲ. ‘ಸಾಲಲ್ಲಿ ನಿಲ್ಲು’ ಅನ್ನುವುದು ಮಾತಲ್ಲವಲ್ಲ.

ಚಳಿ ಶುರುವಾದಾಗಿನಿಂದ ಮೆಣಸು ಕರೆ ಎತ್ತುವುದನ್ನೇ ನಿಲ್ಲಿಸಿದ್ದಳು. ಮೊದಲ ದಿನ ಜ್ವರ ಇರಬಹುದು ಅಂದುಕೊಂಡೆ. ಎರಡನೇ ದಿನ ಬಸ್ಸು ಬೇಗ ಬಂದಿರಬಹುದು ಅಂದುಕೊಂಡೆ. ಆಮೇಲೆ ಅವಳಪ್ಪನಿಗೆ ಮೆಸೇಜ್ ಹಾಕಿದೆ, ‘ಮಗಳನ್ನ ಯಾಕೆ ಕೂರಿಸ್ತಿಲ್ಲ?’ ಅಂತ. ಅವನು ಬರೆದ: ‘ಅವಳು ಹೊರಟುಹೋದ ಮೇಲೆ ಕರೆ ಮಾಡಿ ಯಾರಿಗೆ ತೋರಿಸ್ತಿದ್ದೀಯ?’ ನನ್ನ ಮುಂದೆ ಅವರ ಊರಿನ ಗಡಿಯಾರ ಇದೆ, ಏಳೂವರೆ ಹೊಡೆದ ತಕ್ಷಣ ಕರೆ ಮಾಡ್ತೀನಿ, ನನಗೇ ಇವನು ಹೊತ್ತಿನ ಪಾಠ ಹೇಳ್ತಾನಾ? ಬಾಯಿಗೆ ಬಂದದ್ದೆಲ್ಲ ಬರೆದೆ. ಅವನೂ ಬಿಡಲಿಲ್ಲ. ಕೊನೆಗೆ ಅವನ ನಂಬರೇ ಬ್ಲಾಕ್ ಮಾಡಿ, ಹಾಳಾಗಿ ಹೋಗು ಅಂತ ಕೂತೆ. ಮಗಳ ತಲೆ ಕೆಡಿಸಿದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಆದರೆ ರಾತ್ರಿ ಬೇರೆ ಅನುಮಾನ ಬರುತ್ತಿತ್ತು. ಯಾರೂ ತಲೆ ಕೆಡಿಸಿಲ್ಲ, ಅವಳಿಗೇ ನಾನು ಬೇಡವಾಗಿದ್ದೀನಿ ಅಂತ. ಆ ಬುಧವಾರ ಬೆಳಿಗ್ಗೆ ಒಬ್ಬಳೇ ತಟ್ಟೆ ತೊಳೆಯುತ್ತಾ ತೀರ್ಮಾನ ಮಾಡಿದ್ದೆ: ಇವತ್ತೊಂದು ದಿನ ನೋಡ್ತೀನಿ. ಇವತ್ತೂ ಎತ್ತಲಿಲ್ಲ ಅಂದರೆ ಇನ್ನು ಕರೆ ಮಾಡಲ್ಲ. ಬೇಡ ಅಂದವರ ಬಾಗಿಲು ದಿನಾ ತಟ್ಟುವುದು ನನ್ನಿಂದಾಗಲ್ಲ, ಮಗಳಾದರೂ ಅಷ್ಟೇ. ಮಾತು ಗಟ್ಟಿಯಾಗೇ ಇತ್ತು, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ.

ಅಂಥಾ ದಿನವೇ ಈ ವೈಫೈ ಕೈ ಕೊಡಬೇಕಾ!

ಮಹಡಿ ಹತ್ತಿ ಕಂಪ್ಯೂಟರ್ ಕೋಣೆಗೆ ಓಡಿದೆ. ಶಾಲೆಯ ನೆಟ್‌ವರ್ಕ್ ನೋಡಿಕೊಳ್ಳುವ ಮನುಷ್ಯ ಅಲ್ಲಿರುತ್ತಾನೆ. ನನ್ನದೇ ವಯಸ್ಸು, ಹಣೆಯ ಮೇಲೆ ಕನ್ನಡಕ, ಬೆಂಕಿ ಬಿದ್ದರೂ ನಿಧಾನ. ನಾನು ಅವನಿಗೆ ಮನಸ್ಸಿನಲ್ಲೇ ಇಟ್ಟ ಹೆಸರು ತಂತಿರಾಯ. ಅವತ್ತು ಅವನ ಬಾಗಿಲಲ್ಲಿ ಯಾರೂ ಇರಲಿಲ್ಲ, ಅಂದರೆ ಮಿಕ್ಕವರದ್ದೆಲ್ಲ ಸರಿಯಾಗಿಯೇ ನಡೆಯುತ್ತಿತ್ತು ಅಂತ ಆಯಿತು.

“ನನ್ನದೊಬ್ಬಳದ್ದೇ ಯಾಕ್ರೀ ಬರ್ತಿಲ್ಲ?” ಅಂದೆ.

“ಇವತ್ತು ಬೆಳಿಗ್ಗೆ ನೆಟ್‌ವರ್ಕ್ ಬದಲಾಯಿಸಿದ್ದೀವಿ ಮೇಡಂ. ಹಳೆ ಸೆಟ್ಟಿಂಗ್ ತೆಗೆದು ಹೊಸದು ಹಾಕಬೇಕು. ನೋಟೀಸ್ ಬೋರ್ಡಿನಲ್ಲಿ ಹಾಕಿದ್ದೆನಲ್ಲ, ಓದಲಿಲ್ವಾ?”

“ನೋಟೀಸ್ ಓದ್ತಾ ಕೂತ್ರೆ ಮಕ್ಕಳನ್ನ ಓಡಿಸೋರ್ಯಾರು? ಬನ್ನಿ, ಬೇಗ ಬನ್ನಿ.”

“ಊಟ…” ಅಂದ.

“ಊಟ ಎಲ್ಲಿಗೂ ಓಡಿಹೋಗಲ್ಲ, ಏಳಿ.”

ಪಾಪ, ಡಬ್ಬಿ ಮುಚ್ಚಿ ಬಂದ. ಕುದುರೆಯ ಮೇಲೆ ಲ್ಯಾಪ್‌ಟಾಪು ನೋಡಿ ನಕ್ಕ. ನಗುವ ಹೊತ್ತಾ ಇದು ಅಂತ ನಾನು ಹಲ್ಲು ಕಚ್ಚಿಕೊಂಡು ನಿಂತೆ. ಮೊದಲು ಹಳೆ ನೆಟ್‌ವರ್ಕಿನ ಹೆಸರು ಹುಡುಕಿ ಅಳಿಸಿದ. ಹೊಸ ಹೆಸರು ಟೈಪ್ ಮಾಡಿದ. ಭದ್ರತೆ ಯಾವ ಬಗೆಯದು ಅಂತ ಆರಿಸಿದ. ನನ್ನ ಲಾಗಿನ್ ಹೆಸರು ಹಾಕಿ, ಪಾಸ್‌ವರ್ಡ್ ನೀವೇ ಹಾಕಿ ಅಂತ ಸಭ್ಯವಾಗಿ ಚೆಂಡುಗಳ ಕಡೆ ಮುಖ ತಿರುಗಿಸಿದ. ಎರಡು ಬೆರಳಲ್ಲಿ ಕುಟ್ಟಿದೆ. ಸುತ್ತಿತು, ಸುತ್ತಿತು, ಸೇರಲಿಲ್ಲ.

“ಪಾಸ್‌ವರ್ಡ್ ಸರೀನಾ?”

“ನನ್ನ ಮಗಳ ಹೆಸರು ನನಗೆ ಬರೆಯೋಕೆ ಬರಲ್ವಾ?”

ಅವನು ಸುಮ್ಮನೆ ಇನ್ನೊಮ್ಮೆ ಹಾಕಿಸಿದ. ಈ ಸಲ ಕನ್ನಡಕ ಕೆಳಗೆಳೆದು ಪರದೆಗೆ ಮೂಗು ತಾಗಿಸಿ ಓದಿದ. “ಶಾಲೆಯ ಸರ್ವರಿನ ಸರ್ಟಿಫಿಕೇಟು ಇನ್ನೂ ಚಾಲ್ತಿಗೆ ಬಂದಿಲ್ಲ ಅಂತಿದೆ. ವಿಚಿತ್ರ.”

“ಅಂದ್ರೆ?”

“ನಮ್ಮ ನೆಟ್‌ವರ್ಕಿಗೂ ಒಂದು ಗುರುತಿನ ಚೀಟಿ ಇರುತ್ತೆ ಮೇಡಂ. ನಿಮ್ಮ ಲ್ಯಾಪ್‌ಟಾಪು ಪಾಸ್‌ವರ್ಡ್ ಕೊಡೋಕೆ ಮುಂಚೆ ಅದನ್ನ ನೋಡುತ್ತೆ, ಇದು ನಿಜವಾಗ್ಲೂ ಶಾಲೆಯದೇನಾ, ಕಳ್ಳರದ್ದಾ ಅಂತ. ಹೊಸ ಚೀಟಿ ಇವತ್ತು ಬೆಳಿಗ್ಗೆ ಹತ್ತು ಗಂಟೆಯಿಂದ ಚಾಲ್ತಿ. ಈಗ ಮಧ್ಯಾಹ್ನ. ಆದ್ರೆ ನಿಮ್ಮ ಲ್ಯಾಪ್‌ಟಾಪಿಗೆ…” ಅಂತ ಮೂಲೆ ನೋಡಿದ. “ಇದೇನಿದು, ಏಳೂ ಮುಕ್ಕಾಲು? ಇದಕ್ಕಿನ್ನೂ ಬೆಳಗಾಗ್ತಾ ಇದೆ!”

“ಅದು ಹಾಗೇ ಇರಬೇಕು. ಮುಟ್ಟಬೇಡಿ.”

“ಮುಟ್ಟದಿದ್ರೆ ಸೇರಲ್ಲ. ಸಂಜೆ ನಾಲ್ಕರವರೆಗೂ ಸುಮ್ಮನೆ ಬಿಟ್ಟಿದ್ರೆ ತಾನಾಗೇ ಸೇರ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ” ಅಂದು, ನಾನು ಬಾಯಿ ತೆಗೆಯುವಷ್ಟರಲ್ಲಿ ತನ್ನ ಕೈಗಡಿಯಾರ ನೋಡಿ ಗಂಟೆ ಬದಲಾಯಿಸಿಬಿಟ್ಟ. ಒಂದೂ ಮುಕ್ಕಾಲು. ಮರುಕ್ಷಣವೇ ವೈಫೈ ಸೇರಿಕೊಂಡಿತು. ನನಗೆ ಸಂತೋಷ ಆಗಬೇಕಿತ್ತು. ಆದರೆ ಮೂಲೆಯಲ್ಲಿದ್ದ ಮಗಳ ಬೆಳಗು ಹೋಗಿ ಅಲ್ಲಿ ಈ ಊರಿನ ಮಧ್ಯಾಹ್ನ ಕೂತಿತ್ತು. ಯಾರೋ ನನ್ನ ಮನೆಯ ಫೋಟೋ ಕಿತ್ತು ತಮ್ಮದು ನೇತು ಹಾಕಿದ ಹಾಗೆ ಸಂಕಟ ಆಯಿತು.

“ಯಾರನ್ನ ಕೇಳಿ ತೆಗೆದ್ರಿ? ಅದು ನನ್ನ ಮಗಳ ಟೈಮು!” ನನ್ನ ದನಿ ಮೈದಾನಕ್ಕೆ ಕೇಳಿಸಿರಬೇಕು.

ಅವನು ಬೆಚ್ಚಿಬಿದ್ದ. ಆಮೇಲೆ ಮೆಲ್ಲಗೆ, “ಮಗಳು ಯಾವೂರಲ್ಲಿದ್ದಾರೆ?” ಅಂತ ಕೇಳಿದ. ಹೇಳಿದೆ. “ಅಷ್ಟೇ ತಾನೇ? ಎರಡೂ ಇಟ್ಕೊಳ್ಳಿ. ಅವರ ಊರಿನ ಗಡಿಯಾರ ಪಕ್ಕದಲ್ಲೇ ಹಾಕ್ಕೊಡ್ತೀನಿ.” ನಾಲ್ಕು ಸಲ ಅಲ್ಲಿ ಇಲ್ಲಿ ಒತ್ತಿದ. ಇಲ್ಲಿನ ಹೊತ್ತಿನ ಕೆಳಗೆ ಇನ್ನೊಂದು ಗಡಿಯಾರ ಬಂತು, ಮೇಲೆ ಆ ಊರಿನ ಹೆಸರು. ಎಂಟೂ ಮುಕ್ಕಾಲು ಅಂತಿತ್ತು.

“ತಪ್ಪು” ಅಂದೆ. “ಏಳೂ ಮುಕ್ಕಾಲು ಇರಬೇಕು. ಈಗ ತಾನೇ ನೋಡಿದ್ರಲ್ಲ.”

“ಇದು ತಪ್ಪಲ್ಲ ಮೇಡಂ. ಈಗ ಅಲ್ಲಿಗೂ ಇಲ್ಲಿಗೂ ಐದೇ ಗಂಟೆ ವ್ಯತ್ಯಾಸ.”

“ಆರು!”

“ಬೇಸಗೆಯಲ್ಲಿ ಆರು. ಚಳಿಗಾಲ ಬಂತು ಅಂತ ಇಲ್ಲಿ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದ್ರಲ್ಲ, ಅಲ್ಲಿ ಹಾಗೆ ಮಾಡಲ್ಲ. ಐದಾಯ್ತು.” ಅವನು ಹಣೆಗೆ ಕೈ ಹಚ್ಚಿದ. “ಓಹೋ. ಆ ದಿನ ನಿಮ್ಮ ಲ್ಯಾಪ್‌ಟಾಪು ತಾನೂ ಒಂದು ಗಂಟೆ ಹಿಂದೆ ಹೋಗಿದೆ. ಒಳಗೆ ನೀವು ಬೇರೆ ಊರಿನ ಹೊತ್ತು ಇಟ್ಟಿದ್ದೀರ ಅಂತ ಅದಕ್ಕೇನು ಗೊತ್ತು? ಆವತ್ತಿಂದ ನಿಮ್ಮ ಗಡಿಯಾರ ಒಂದು ಗಂಟೆ ಹಿಂದೆ ಓಡ್ತಾ ಇತ್ತು ಮೇಡಂ.”

ನಾನು ದಿನಾ ಏಳೂವರೆ ಅಂದುಕೊಂಡು ಕರೆ ಮಾಡುತ್ತಿದ್ದದ್ದು ಅಲ್ಲಿನ ಎಂಟೂವರೆಗೆ. ಬಸ್ಸು ಹೋಗಿ ಅರ್ಧ ಗಂಟೆಯಾದ ಮೇಲೆ ಖಾಲಿ ಅಡುಗೆಮನೆಗೆ. ಅದಕ್ಕೆ ಮುಂಚೆ ಅವಳು ಬಂದು ಕೂತು, ತಿಂಡಿ ತಿಂದು, ಕಾದು, ಎದ್ದು ಹೋಗಿದ್ದಾಳೆ. ಆ ಹೊತ್ತಿಗೆ ನಾನು ಇಲ್ಲಿ ಚಿಕ್ಕ ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿ ಸೀಟಿ ಊದುತ್ತಿದ್ದೆ. ಅಯ್ಯೋ ನನ್ನ ಕರ್ಮವೇ, ಅಷ್ಟು ದಿನ!

ಚಾಪೆಗಳ ಮೇಲೆ ಕುಸಿದು ಕೂತೆ. ತಂತಿರಾಯನಿಗೆ ಏನು ಅರ್ಥವಾಯಿತೋ, “ನೀರು ತರ್ಲಾ?” ಅಂದ. ಬೇಡ, ಊಟ ಮಾಡಿ ಹೋಗಿ, ಕೂಗಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದೆ. ಅವನು ಬಾಗಿಲು ಅರ್ಧ ಮುಚ್ಚಿಕೊಂಡು ಹೋದ. ಆಗ ಅತ್ತೆ, ಅಳು ಹೊರಗೆ ಕೇಳಿಸದ ಹಾಗೆ ಬಾಯಿಗೆ ಟವೆಲ್ ಒತ್ತಿಕೊಂಡು.

ಸಂಜೆ ಆಫೀಸಿನಿಂದ ಫೋನ್ ಬಿಡಿಸಿಕೊಂಡು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅವಳಪ್ಪನ ನಂಬರು ಮತ್ತೆ ತೆರೆದೆ. ಬರೆಯುವುದು, ಅಳಿಸುವುದು, ಬರೆಯುವುದು. ಅವನಿಗೆ ನಾನು ಲೇಟು ಅಂತ ಒಪ್ಪಿಕೊಳ್ಳಬೇಕಲ್ಲ, ಅವನಿಗೆ! ಎರಡು ಬಸ್ಸು ಬಿಟ್ಟೆ. ಕೊನೆಗೆ ಇಷ್ಟು ಕಳಿಸಿದೆ: ‘ನನ್ನ ಗಡಿಯಾರ ಒಂದು ಗಂಟೆ ತಪ್ಪಿತ್ತು. ನನಗೆ ಗೊತ್ತಿರಲಿಲ್ಲ. ನೀನು ಹೇಳಿದ್ದು ನಿಜ. ನಾಳೆ ಸರಿಯಾಗಿ ಏಳೂವರೆಗೆ ಮಾಡ್ತೀನಿ, ಅವಳನ್ನ ಕೂರಿಸು.’

ಆಡಿಕೊಳ್ಳುತ್ತಾನೆ ಅಂದುಕೊಂಡೆ. ಆಡಿಕೊಂಡಿದ್ದರೂ ಚೆನ್ನಾಗಿತ್ತು. ‘ಅವಳು ಈಗ ಅಲ್ಲಿ ಕೂರಲ್ಲ. ಹೇಳಿ ನೋಡ್ತೀನಿ’ ಅಂತ ಮಾತ್ರ ಬಂತು.

ಅಲ್ಲಿನ ಏಳೂವರೆ ಅಂದರೆ ಈಗ ಇಲ್ಲಿ ಹನ್ನೆರಡೂವರೆ, ನನಗೆ ತರಗತಿ. ಗುರುವಾರ ಬೆಳಿಗ್ಗೆಯೇ ಡ್ರಾಯಿಂಗ್ ಟೀಚರಮ್ಮನ ಕಾಲು ಹಿಡಿಯುವುದೊಂದು ಬಾಕಿ, ಪಿರಿಯಡ್ ಅದಲು ಬದಲು ಮಾಡಿಕೊಂಡೆ. “ಚಿಕ್ಕವರನ್ನ ನಾನು ತಗೊಳ್ತೀನಿ, ಆದ್ರೆ ಬಣ್ಣ ಚೆಲ್ಲಿದ್ರೆ ನೀವೇ ಒರೆಸ್ಬೇಕು” ಅಂದರು ಆಕೆ. ಇಡೀ ಶಾಲೆಯನ್ನೇ ಒರೆಸುತ್ತೇನೆ ತಾಯಿ ಅಂದೆ. ಎರಡೂ ಗಡಿಯಾರ ನೋಡುತ್ತಾ ಕೂತು, ಕೆಳಗಿನದು ಏಳೂವರೆ ತೋರಿಸಿದ ಕೂಡಲೇ ಕರೆ ಒತ್ತಿದೆ.

ಅವಳಪ್ಪ ಎತ್ತಿದ. ಅರ್ಧ ಮುಖಕ್ಕೆ ಶೇವಿಂಗ್ ನೊರೆ. “ಇರು” ಅಂದು ಪಕ್ಕಕ್ಕೆ ಹೋದ. ಒಳಗೆ ಏನೋ ಗುಸುಗುಸು. ಆಮೇಲೆ ಮೆಣಸು ಬಂದಳು. ಶಾಲೆಯ ಬಟ್ಟೆ, ಎರಡು ಜಡೆ. ಜಡೆ ಅವಳೇ ಹಾಕಿಕೊಂಡಿರಬೇಕು, ಒಂದು ಮೇಲೆ ಒಂದು ಕೆಳಗೆ. ಕುರ್ಚಿಯಲ್ಲಿ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು.

“ಚಿನ್ನಾ, ಅಪ್ಪ ಹೇಳಿದ್ನಾ? ಅಮ್ಮನ ಗಡಿಯಾರ ತಪ್ಪಿತ್ತು ಕಣೇ. ನಾನು ದಿನಾ ಮಾಡ್ತಿದ್ದೆ, ಒಂದಿನಾನೂ ಬಿಟ್ಟಿಲ್ಲ. ನೀನು ಹೋದ ಮೇಲೆ ಬರ್ತಿತ್ತು ಅಷ್ಟೇ.”

“ಹೇಳ್ದ.”

“ನನ್ನ ಮೇಲೆ ಕೋಪಾನಾ?”

ಅವಳು ಕುರ್ಚಿಯ ಬೆನ್ನನ್ನ ಉಗುರಲ್ಲಿ ಕೆರೆಯುತ್ತಾ ನಿಂತಳು. “ಅಪ್ಪ ಮೊದಲ್ನೇ ದಿನಾನೇ ಅಂದ, ಅಮ್ಮಂಗೆ ಏನೋ ಲೇಟಾಗಿರುತ್ತೆ ಬಿಡು, ಆಮೇಲೆ ಮಾಡ್ತಾಳೆ ಅಂತ. ನಾನು ಜಗಳ ಆಡ್ದೆ. ಲೇಟಾಗೋದು ನೀನು, ಅಮ್ಮಂಗೆ ಯಾವತ್ತೂ ಲೇಟಾಗಲ್ಲ ಅಂದೆ.” ಅವಳ ಮೂಗು ಕೆಂಪಾಯಿತು. “ನಿಂಗೆ ಲೇಟಾಗಲ್ಲ ಅಲ್ವಾ ಅಮ್ಮ. ಅದಕ್ಕೆ ನಾನು ಬೇಡ ಅಂತಾನೇ ನಾನು ಹೋದ್ಮೇಲೆ ಮಾಡ್ತೀಯ ಅಂದ್ಕೊಂಡೆ.”

ಅವಳಪ್ಪ ನನ್ನ ಪರವಾಗಿ ಮಾತಾಡಿದ್ದಾನೆ. ಅವಳೂ ನನ್ನ ಪರವಾಗಿಯೇ ಜಗಳ ಆಡಿದ್ದಾಳೆ. ಎರಡೂ ಸೇರಿ ನನ್ನ ಮಗುವಿನ ಹೊಟ್ಟೆಯಲ್ಲಿ ಇಷ್ಟು ದಿನ ಈ ಮಾತು ಕೂತಿತ್ತು. ಇನ್ನೂರು ಮಕ್ಕಳನ್ನ ಒಂದು ಕೂಗಿಗೆ ನಿಲ್ಲಿಸುವ ಗಂಟಲು, ಅವಳೊಬ್ಬಳ ಮುಂದೆ ಏಳಲಿಲ್ಲ.

“ತಪ್ಪಾಯ್ತು ಮೆಣಸು” ಅಂದೆ ಕೊನೆಗೆ. “ನಂಗೂ ಲೇಟಾಗುತ್ತೆ. ಲೇಟಾಗಿದೆ ಅಂತಾನೂ ಗೊತ್ತಾಗಲ್ಲ. ಬೇಡ ಅಂತ ಮಾತ್ರ ಯಾವತ್ತೂ ಅಲ್ಲ. ನಾಳೆ ಬಂದು ಕೂರ್ತೀಯಾ?”

ಅವಳು ಯೋಚನೆ ಮಾಡಿದಳು. ಅವಳು ಯೋಚನೆ ಮಾಡುವಾಗ ನನ್ನ ಹಾಗೇ ಕೆಳತುಟಿ ಕಚ್ಚುತ್ತಾಳೆ, ಮರೆತೇ ಹೋಗಿತ್ತು.

“ಇಲ್ಲ” ಅಂದಳು. “ನಾನು ಬಂದು ಕೂರಲ್ಲ. ಕಾದು ಕಾದು ಸಾಕಾಗಿದೆ. ನೀನೇ ಕಾಯಿ.”

ಬ್ಯಾಗು ಎತ್ತಿಕೊಂಡು ಹೊರಟೇ ಹೋದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳಪ್ಪ ಒಣಗಿದ ನೊರೆಯ ಮುಖ ತಂದು, “ನಿನ್ನ ಮಗಳೇ ಅಲ್ವಾ” ಅಂದ. ಕುಟುಕಿದ ಹಾಗಿರಲಿಲ್ಲ. ನಾಳೆ ಕರೆ ಎತ್ತಿ ಸುಮ್ಮನೆ ಇಟ್ಟಿರು, ಆರಿಸಬೇಡ ಅಂದೆ. ಆಯ್ತು ಅಂದ.

ಶುಕ್ರವಾರ ಬಣ್ಣ ಚೆಲ್ಲಿತ್ತಂತೆ, ಆಮೇಲೆ ಒರೆಸಿಕೊಡುತ್ತೇನೆ ಅಂತ ಹೇಳಿ ಕಳಿಸಿ ಕೂತೆ. ಹೊತ್ತಿಗೆ ಸರಿಯಾಗಿ ಕರೆ ಮಾಡಿದೆ. ಅವಳಪ್ಪ ಎತ್ತಿ, ಪರದೆಯನ್ನ ಅಡುಗೆಮನೆಯ ಕಡೆ ತಿರುಗಿಸಿಟ್ಟು ಹೋದ. ಖಾಲಿ ಕುರ್ಚಿ, ಮೇಜಿನ ಮೇಲೆ ಅರ್ಧ ಲೋಟ ಹಾಲು, ನಲ್ಲಿಯ ಕೆಳಗೆ ಪಾತ್ರೆ. ಬೆಕ್ಕು ಬಂದು ಕ್ಯಾಮೆರಾ ಮೂಸಿತು, ನಾನು ಯಾರು ಅಂತ ಗೊತ್ತಾಗದೆ ಹೋಯಿತು. ಒಳಗೆಲ್ಲೋ ಅವಳ ದನಿ: ಒಂದು ಸಾಕ್ಸ್ ಸಿಗ್ತಿಲ್ಲ, ಅಪ್ಪಾ, ನೀನೇ ಎಲ್ಲೋ ಹಾಕಿದ್ದೀಯ ಅಂತ ಜಗಳ. ಕೂಗಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡು ಕೂತೆ. ಇಷ್ಟು ದಿನ ಅವಳೂ ಹೀಗೇ ಕೂತಿದ್ದಳಲ್ಲ, ಅವಳ ಪರದೆಯಲ್ಲಿ ಬೆಕ್ಕೂ ಇರಲಿಲ್ಲ, ಬರೀ ಕಪ್ಪು ಅಷ್ಟೇ.

ಹೊತ್ತು ಹೋಗುತ್ತಲೇ ಇತ್ತು. ಹೊರಗೆ ಮಕ್ಕಳ ಗಲಾಟೆ ಜೋರಾಯಿತು, ಯಾರೋ ಬಾಗಿಲು ಬಡಿದು ಚೆಂಡು ಕೇಳಿದರು, ಏಳಲಿಲ್ಲ. ಎಂಟಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಮೆಣಸು ಅಡುಗೆಮನೆಗೆ ಬಂದಳು. ನನಗೆ ಬೆನ್ನು ಹಾಕಿಯೇ ನೀರಿನ ಬಾಟಲಿ ತುಂಬಿಸಿದಳು, ಮುಚ್ಚಳ ಬಿಗಿದಳು, ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ತಲೆ ತಿರುಗಿಸದೆ, ಓರೆಗಣ್ಣಲ್ಲಿ ಪರದೆಯ ಕಡೆ ನೋಡಿದಳು, ಇದ್ದೀನಾ ಅಂತ.

ಇದ್ದೆ.